ಬೂದು ಬಣ್ಣದ ಪಟ್ಟೆ

ಕಳೆದ ಶನಿವಾರ ಬೆಳಿಗ್ಗೆ ಬಾಗಲಗುಂಟೆಯ ನಮ್ಮ ಬೀದಿಯಲ್ಲಿ, ಕಡಿದ ಲಂಟಾನ ಕಳೆಯ ಪೊದೆಗಳನ್ನು ಹೇರಿಕೊಂಡ ಟ್ರ್ಯಾಕ್ಟರೊಂದು ಹಾದುಹೋಯಿತು. ಅದರ ಘಾಟು ಮಹಡಿಯವರೆಗೂ ಬಂತು. ಎದುರು ಮನೆಯ ಸಾರ್ ಅವರ ಅಂಗಿಗೂ ಇದೇ ವಾಸನೆ ಇರುತ್ತಿತ್ತು…

ಅವರು ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಿಂದ ನಿವೃತ್ತರಾದವರು. ಆಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿತರು. ಕೆರೆ ಹಿಂದಿನ ಗುಡ್ಡದಲ್ಲಿ ಲಂಟಾನ ತೆಗೆದು, ಖಾಲಿ ಜಾಗದಲ್ಲಿ ಈ ನೆಲದ ಗಿಡಗಳನ್ನೇ ಬೆಳೆಸಲು ಬಡಾವಣೆಯವರು ಹೊರಟಾಗ ನಕ್ಷೆಯ ಕೆಲಸ ಅವರ ಪಾಲಿಗೆ ಬಂತು. ಉಪಗ್ರಹದ ಚಿತ್ರ ನೋಡಿ, ಗಿಡವಿದ್ದಲ್ಲಿ ಹಸಿರು, ಬರಿ ನೆಲಕ್ಕೆ ಬೂದು ಬಣ್ಣ ತುಂಬಿದರು. ಬೂದು ಇದ್ದಲ್ಲಿ ಗುಂಡಿ ತೋಡಲು ಜೆಸಿಬಿ ಬಂತು.

ಆ ದಿನ ನಾನೂ ಅಲ್ಲಿದ್ದೆ. ಸಾರ್ ಬರುವ ಹೊತ್ತಿಗೆ ಪೂರ್ವದ ಪಟ್ಟೆಯನ್ನು ಬಗೆದಾಗಿತ್ತು. ಕೆಳಗೆ ಬಿದ್ದಿದ್ದ ಕೊಂಬೆಯೊಂದನ್ನು ಅವರು ಎತ್ತಿ ನೋಡಿದರು. ಒಂದೂ ಎಲೆಯಿರಲಿಲ್ಲ, ಕಪ್ಪು ಮೊಗ್ಗು ತುಂಬಿತ್ತು. ಮುತ್ತುಗ. ಉಪಗ್ರಹದ ಚಿತ್ರ ಬೇಸಿಗೆಯದು. ಎಲೆ ಉದುರಿಸಿ ನಿಂತ ಮುತ್ತುಗ, ಕಕ್ಕೆ ಅದರಲ್ಲಿ ಬರಿ ನೆಲದಂತೆ ಕಂಡಿದ್ದವು.

ಯಂತ್ರ ಪಶ್ಚಿಮದ ಪಟ್ಟೆಗೆ ತಿರುಗುತ್ತಿತ್ತು. ಸಾರ್ ಅದರ ಮುಂದೆ ಹೋಗಿ ನಿಂತರು.

“ನಿಲ್ಸಪ್ಪ.”

“ಒಣ ಕಟಗಿ ಐತಲ್ರೀ ಅಜ್ಜಾರ, ಒಲಿಗಿ ಆಗ್ತೈತಿ,” ಎಂದ ಬಾಗಲಕೋಟೆ ಕಡೆಯ ಚಾಲಕ.

“ಒಣಗಿಲ್ಲ ಕಣಪ್ಪ, ಎಲೆ ಉದುರ್ಸಿದೆ ಅಷ್ಟೆ. ನಕ್ಷೆ ತಪ್ಪಾಗಿದೆ.”

“ನಕ್ಷಾ ಯಾರ್ ಮಾಡ್ಯಾರ್ರೀ?”

“ನಾನೇ.”

“ಹಂಗಾದ್ರ ಮೊದಲ ನಿಮ್ಮನ್ನ ಅಗೀಬೇಕು ನೋಡ್ರಿ.”

ಸಾರ್ ನಕ್ಕರು, ಕದಲಲಿಲ್ಲ. ಚಾಲಕ ಯಂತ್ರ ಆರಿಸಿದ.

ಕಾರ್ಖಾನೆಯಲ್ಲಿ ಒಬ್ಬರು ಬರೆದ ಡ್ರಾಯಿಂಗನ್ನು ಇನ್ನೊಬ್ಬರು ನೋಡಿ ಸಹಿ ಹಾಕದೆ ಕೆಲಸಕ್ಕೆ ಕೊಡುತ್ತಿರಲಿಲ್ಲವಂತೆ. “ಇದನ್ನ ಯಾರಿಗೂ ತೋರಿಸ್ಲೇ ಇಲ್ಲ ನೋಡಿ ನಾನು,” ಎಂದರು, ಮನೆಗೆ ನಡೆದು ಬರುವಾಗ. ಅಂದಿನಿಂದ ಮಳೆಗಾಲದ ಚಿತ್ರವನ್ನೂ ಬೇಸಿಗೆಯದನ್ನೂ ಜೊತೆಗಿಟ್ಟೇ ಬಣ್ಣ ತುಂಬುತ್ತಿದ್ದರು. ಭಾನುವಾರಗಳಲ್ಲಿ ನನ್ನನ್ನು ಗುಡ್ಡಕ್ಕೆ ಕರೆದೊಯ್ದು, ನಕ್ಷೆಗೂ ನೆಲಕ್ಕೂ ತಾಳೆ ನೋಡಿಸುತ್ತಿದ್ದರು. ಬಿಸಿಲು, ಅವರ ಬಿಳಿ ಕ್ಯಾನ್ವಾಸ್ ಶೂ, ಫ್ಲಾಸ್ಕಿನ ಕಾಫಿ… ಪಶ್ಚಿಮದ ಪಟ್ಟೆ ಹಸಿರಾಯಿತು. ಪೂರ್ವದ್ದನ್ನು ಬೂದಾಗಿಯೇ ಬಿಟ್ಟರು. ಅಷ್ಟರಲ್ಲಿ ಅದು ನಿಜಕ್ಕೂ ಖಾಲಿಯಾಗಿತ್ತು.

ಕಳೆದ ದೀಪಾವಳಿಗೆ ಮುಂಚೆ ಅವರು ತೀರಿಕೊಂಡರು.

ಟ್ರ್ಯಾಕ್ಟರ್ ಹೋದ ಮರುದಿನ ಒಬ್ಬನೇ ಗುಡ್ಡ ಹತ್ತಿದೆ. ಪೂರ್ವದ ಪಟ್ಟೆಯಲ್ಲಿ ಮುತ್ತುಗ ಬೇರಿನಿಂದ ಚಿಗುರಿ ಮೊಣಕಾಲೆತ್ತರ ಬೆಳೆದಿದೆ. ನಕ್ಷೆಯಲ್ಲಿ ಆ ಜಾಗ ಇನ್ನೂ ಬೂದಾಗಿದೆ. ಅದನ್ನು ತಿದ್ದುವ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿತ್ತು.