ಹುಳದ ಪಾಲು

ನಮ್ಮ ಕಡೆ ಹಾವಿಗೆ ಹಾವು ಅನ್ನುವುದಿಲ್ಲ, ಹುಳ ಅನ್ನುತ್ತಾರೆ. ಹೆಸರು ಹಿಡಿದರೆ ಬಂದುಬಿಡುತ್ತದೆಂಬ ಭಯ. ಅರಭಾವಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಳೆಗೆ ಬೀಳುವ ಹುಳ ಹಿಡಿದು, ಸಾಕಿ, ಎಣಿಸುವುದೇ ನನ್ನ ನೌಕರಿ. ಹಾಗಾಗಿ ನನಗೆ ಹುಳ ಅಂದರೆ ಬರೀ ಹುಳ. ಅಲ್ಲೇ ನಾನು ಎಡವಿದ್ದು.

ಹೆರಿಗೆಗೆಂದು ಕಲ್ಲೋಳಿಯ ತವರಿಗೆ ಬಂದಿದ್ದೆ, ಏಳನೇ ತಿಂಗಳು. ಎರಡು ವರ್ಷದ ಹಿಂದೆ, ಹುಕ್ಕೇರಿಯ ಗಂಡನ ಮನೆಯಲ್ಲಿದ್ದಾಗ, ಇದೇ ಏಳನೇ ತಿಂಗಳಲ್ಲಿ ಮೊದಲ ಕೂಸು ಹೊಟ್ಟೆಯಲ್ಲೇ ಸುಮ್ಮನಾಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಯಾರಾದರೂ ಎತ್ತಿದ್ದರೆ ನಾನು ಹರಿಹಾಯುತ್ತಿದ್ದೆ, ಅದೂ ಖರೆ.

ಸುಮ್ಮನೆ ಕೂರಲಾಗದೆ ಹಿತ್ತಲಲ್ಲಿ ಮಲ್ಲಿಗೆ ಹಚ್ಚಲು ಕುರ್ಪಿಯಿಂದ ನೆಲ ಕೆದರುತ್ತಿದ್ದೆ. ಒಂದು ಬಿಲ ಒಡೆದು, ಅಂಗೈ ಅಗಲದ ಕಂದು ಜೇಡ ಎದ್ದು ನಿಂತಿತು. ಬಿಲ ತೋಡಿ ಬದುಕುವ ಟರಾಂಟುಲಾ. ಏಳೇ ಕಾಲು. ಎಂಟನೆಯದು ಕುರ್ಪಿಗೆ ಅಂಟಿಕೊಂಡು ಇನ್ನೂ ಮಡಚಿ ಬಿಚ್ಚುತ್ತಿತ್ತು.

"ಅವ್ವಾ, ಕುರ್ಪಿ ತಾಗಿ ಒಂದು ಹುಳಕ್ಕ ಪೆಟ್ಟಾತು. ಅರಾಮ ಆಗೂತನಕ ಮನ್ಯಾಗ ಇಟ್ಕೊಂತೀನಿ" ಎಂದೆ.

ಅವ್ವನ ಮುಖ ಬಿಳಿಚಿತು. ನನ್ನ ಹೊಟ್ಟೆ ನೋಡಿ ಅಂದಳು: "ಹೊರಗ ಹಾಕಬ್ಯಾಡ. ಪೆಟ್ಟು ಕೊಟ್ಟಾವ್ರs ನೋಡ್ಕೋಬೇಕು."

ಅಟ್ಟದ ಮೇಲೆ ಹಳೆಯ ಮೀನಿನ ಗಾಜಿನ ತೊಟ್ಟಿ ಇತ್ತು. ಬರೀ ಎರೆಮಣ್ಣು ಹಾಕಿದರೆ ಒಣಗಿ ಬಿರಿಯುತ್ತದೆಂದು ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ ಬೆರೆಸಿ, ನೀರು ಚಿಮುಕಿಸಿ, ಪದರ ಪದರವಾಗಿ ಗುದ್ದಿ ಗಟ್ಟಿ ಮಾಡಿದೆ. ತೊಟ್ಟಿಯ ಮುಕ್ಕಾಲು ಮಣ್ಣೇ. ಮೇಲೆ ಜಾಗ ಹೆಚ್ಚಾದರೆ ಗಾಜು ಹತ್ತಿ ಬಿದ್ದು ಹೊಟ್ಟೆ ಒಡೆದುಕೊಳ್ಳುತ್ತದೆ. ಲಟ್ಟಣಿಗೆಯಿಂದ ಗಾಜಿನ ಬದಿಗೆ ಓರೆಯಾಗಿ ಒಂದು ತೂತು ಇಳಿಸಿದೆ. ನೀರಿಗೆ ಬಾಟಲಿಯ ಮುಚ್ಚಳ, ಮೇಲೆ ಜಾಳಿಗೆ, ಜಾಳಿಗೆಯ ಮೇಲೆ ರುಬ್ಬುಗುಂಡು. ಒಳಕೋಣೆಯ ಮೂಲೆಯಲ್ಲಿಟ್ಟು, ಬೆಳಕು ಬೀಳದಂತೆ ಸೀರೆಯ ತುಂಡು ಹೊದಿಸಿದೆ. ಅವ್ವ ಆ ಸೀರೆ ಒಮ್ಮೆಯೂ ಸರಿಸಲಿಲ್ಲ. ದಾಟುವಾಗ ಕೈಮುಗಿಯುತ್ತಿದ್ದಳು. ನನ್ನನ್ನು ಅಣಕಿಸುತ್ತಾಳೆಂದುಕೊಂಡು ನಗುತ್ತಿದ್ದೆ.

ಎರಡೇ ದಿನದಲ್ಲಿ ಅದು ಬಿಲವನ್ನು ಆಳಕ್ಕಿಳಿಸಿ, ಬಾಯಿಗೆ ಬಿಳಿ ಬಲೆ ನೇಯ್ದಿತು. ಮಿಡತೆ ಬಿಟ್ಟರೆ ಬಿಲದ ಬಾಯಿಯವರೆಗೆ ನಡೆದು, ಇಲ್ಲವಾಗುತ್ತಿತ್ತು. ಸದ್ದಿಲ್ಲ, ಗುದ್ದಾಟವಿಲ್ಲ. ಮಧ್ಯಾಹ್ನದ ಮಬ್ಬಿನಲ್ಲಿ ಗಾಜಿಗೆ ಮುಖ ಹಚ್ಚಿದರೆ ಆಚೆಯಿಂದ ಒಂದು ಕಾಲು ನನ್ನ ಕೆನ್ನೆಯಿದ್ದಲ್ಲೇ ಮೆಲ್ಲಗೆ ತಡವುತ್ತಿತ್ತು.

ಒಂದು ಬೆಳಿಗ್ಗೆ ಸೀರೆ ಸರಿಸಿದರೆ ಬಿಲವೇ ಇರಲಿಲ್ಲ. ಒಳಗಿನಿಂದ ಮಣ್ಣು ಮುಚ್ಚಿಕೊಂಡಿತ್ತು. ಪೊರೆ ಬಿಡುವ ಮೊದಲು ಹಾಗೆ ಮಾಡುತ್ತವೆ. ಪೊರೆ ಬಿಟ್ಟರೆ ಹೋದ ಕಾಲು ಮತ್ತೆ ಮೂಡುತ್ತದೆ. ಆದರೆ ಸಾಯುವುದೂ ಆಗಲೇ. ನನಗೆ ಎಲ್ಲ ಗೊತ್ತಿತ್ತು. ಆದರೂ ನೆಲಸಮವಾದ ಆ ಮಣ್ಣನ್ನು ನೋಡಲಾಗಲಿಲ್ಲ.

ನಾಗರ ಪಂಚಮಿಯ ದಿನ ಸ್ನಾನ ಮುಗಿಸಿ ಬಂದರೆ ಜಾಳಿಗೆ ಕೆಳಗಿತ್ತು. ಅವ್ವ ಕೊಬ್ಬರಿ ಬಟ್ಟಲಿನಿಂದ ಆ ಮಣ್ಣಿಗೆ ಹಾಲು ಎರೆಯುತ್ತಿದ್ದಳು. "ದೇವರ ಪಾಲು, ಗುರುವಿನ ಪಾಲು, ಮಗಳ ಪಾಲು, ಹುಟ್ಟೂ ಕೂಸಿನ ಪಾಲು..."

"ಅವ್ವಾ! ತಲಿ ನೆಟ್ಟಗೈತೇನ ನಿಂದು? ಹಾಲು ಕೊಳತು ಅದು ಸತ್ತs ಹೋಗತೈತಿ!"

ಅವಳ ಕೈ ನಿಲ್ಲಲಿಲ್ಲ. "ಹೋದ ಕೂಸಿನ ಪಾಲು" ಎಂದು ಕೊನೆಯ ಹನಿ ಬಿಟ್ಟು, ತಿರುಗಿದಳು. "ಬಸುರ್ಯಾಗ ಹುಳಕ್ಕ ಪೆಟ್ಟು ಕೊಟ್ಟಿ. ಅದರ ಸಿಟ್ಟು ಇಳೀಲಿ ಅಂತ ಹಾಕೇನಿ."

ಆಗ ತಿಳಿಯಿತು. ಸೀರೆಯ ಕೆಳಗೆ ಗಾಯಗೊಂಡ ಹಾವಿದೆಯೆಂದು ನಂಬಿಯೂ ಈ ಹೆಂಗಸು ಇಷ್ಟು ದಿನ ಅದರ ಪಕ್ಕದಲ್ಲೇ ಓಡಾಡಿದ್ದಳು, ನನಗಾಗಿ.

"ಯವ್ವಾ, ಅದು ಜೇಡ."

"ಜೇಡಾದ್ರ ಆಗ್ಲಿ. ಪಾಲು ಕೊಟ್ಟಾಗೈತಿ, ತಿರಗಿ ತಗೊಳ್ಳಾಕ ಬರೂದಿಲ್ಲ."

ನೆನೆದ ಮಣ್ಣನ್ನು ಚಮಚದಿಂದ ತೆಗೆದುಹಾಕಿದೆ. ಅಂದಿನಿಂದ ನನಗೂ ಹುಚ್ಚು ಹಿಡಿಯಿತು: ಅದು ಸತ್ತರೆ ಹೊಟ್ಟೆಯಲ್ಲಿರುವ ಇದೂ ಹೋಗುತ್ತದೆ. ಕಲಿತ ವಿದ್ಯೆಯೆಲ್ಲ ಎಲ್ಲಿ ಹೋಯಿತೋ! ಒಂದು ಕೈ ಗಾಜಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಹನ್ನೆರಡನೇ ದಿನ ಎರಡೂ ಕಡೆ ಏನೂ ಅಲುಗಲಿಲ್ಲ.

ಅವ್ವ ರಿಕ್ಷಾ ಕರೆದಳು. ಘಟಪ್ರಭಾದ ದವಾಖಾನೆಯಲ್ಲಿ ಹೊಟ್ಟೆಗೆ ಯಂತ್ರ ಹಿಡಿದರು. ನಾನು ಕಣ್ಣು ಮುಚ್ಚಿದ್ದೆ. ಎದೆಬಡಿತ ದಡದಡ ಕೇಳಿಸಿತು. "ಕೂಸು ಮಲಗೇತ್ರಿ ಅಷ್ಟ" ಎಂದರು ನರ್ಸಬಾಯಿ.

ಸಂಜೆ ಮನೆಗೆ ಬಂದಾಗ ತೊಟ್ಟಿಯಲ್ಲಿ ಬಿಲ ತೆರೆದಿತ್ತು. ಬಾಯಿಯಲ್ಲಿ ಜೇಡ ಅಂಗಾತ ಬಿದ್ದಿತ್ತು. ಅವ್ವ ಮೊದಲ ಸಲ ಗಾಜಿಗೆ ಮುಖ ಹಚ್ಚಿದಳು. "ಹೋತೇನ?"

ಇಕ್ಕಳದಿಂದ ಎತ್ತಿದೆ. ತೂಕವೇ ಇರಲಿಲ್ಲ. ಬರೀ ಪೊರೆ, ಏಳು ಕಾಲಿನದು. ಕೆಳಗೆ ಬಿಲದೊಳಗಿಂದ ಹೊಸ ಕಾಲುಗಳು ಒಂದೊಂದಾಗಿ ಮಣ್ಣು ತಡವುತ್ತ ಬಂದವು. ಅವ್ವ ಬೆರಳು ಮಡಚಿ ಎಣಿಸಿದಳು.

"ಎಂಟು! ಹೋದದ್ದು ತಿರಗಿ ಬಂತಲ್ಲs?"

"ಅದs ಅಲ್ಲವ್ವಾ," ಎಂದೆ. "ಅದು ಹೋತು. ಈ ಕಾಲು ಬ್ಯಾರೇದು. ನೋಡು, ಇನ್ನೂ ಸಣ್ಣದೈತಿ."

ಕೂಸು ಹೋಗಿ ಎರಡು ವರ್ಷದ ಮೇಲೆ, ಮೊದಲ ಸಲ ಅವಳ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ.