ಕಂಬದ ಕೆಳಗೆ ಎರಡು ದನಿ

ನಾನು ನಿಂತಿದ್ದುದು ಕಂಬದಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಯ ಪಕ್ಕ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಹೊರಳಿದರೆ ಸಿಗುವ ಊರು. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ, ಬೆಳಿಗ್ಗೆ ಹತ್ತು ದಾಟಿತ್ತು. ಹೆಜ್ಜೆಗಳನ್ನು ಎಣಿಸಿದ್ದು ಬೇರೊಂದು ದಿನ. ಅಂದು ಎಣಿಸುವ ಸ್ಥಿತಿಯಲ್ಲಿರಲಿಲ್ಲ.

ನಾನು ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್. ಲೈನಿನಲ್ಲಿ ರಿಪೇರಿ ಇದ್ದರೆ ಅದರ ಸ್ವಿಚ್ ಎಳೆದು, ಕರೆಂಟ್ ತೆಗೆದಿದೆ, ಹತ್ತಬಹುದು ಎಂದು ಚೀಟಿ ಬರೆದುಕೊಡುವುದು ನನ್ನ ಕೆಲಸ. ಅಂದು ಫೋನ್ ಸತ್ತಿತ್ತು. ಸ್ವಿಚ್ ಎಳೆದು, ಚೀಟಿ ಬರೆದು, ಅದನ್ನು ಹಿಡಿದುಕೊಂಡು ನಾನೇ ಜೀಪಿನಲ್ಲಿ ಬಂದಿದ್ದೆ.

ಹತ್ತಬೇಕಿದ್ದ ಲೈನ್‌ಮನ್ ನನಗಿಂತ ಹತ್ತು ವರ್ಷ ಹಿರಿಯರು. ಕೆಲಸ ಮಾಡುವಾಗ ಎರಡು ದನಿಯಲ್ಲಿ ತಮ್ಮೊಂದಿಗೇ ಮಾತಾಡಿಕೊಳ್ಳುತ್ತಿದ್ದರು. ಒಂದು ಅವರದು, ಇನ್ನೊಂದು ಅವರ ಅತ್ತೆಯದು.

“ಬೆಲ್ಟು ಬಿಗಿದ್ರಾ ಅಳಿಯಂದ್ರೆ?”

“ಬಿಗ್ದೆ ಕಣತ್ತೆ.”

“ಎಳ್ದು ನೋಡುದ್ರಾ?”

“ತಡಿಯವ್ವ, ನೋಡ್ತೀನಿ.”

ಯಾಕೆ ಅತ್ತೆ ಎಂದು ಒಮ್ಮೆ ಕೇಳಿದ್ದೆ. “ನಮ್ಮತ್ತೆ ಯಾರ್‍ನೂ ನಂಬಾಕಿಲ್ಲ ಕಣ್ರೀ. ನನ್ನಂತೂ ನಂಬಾದೇ ಇಲ್ಲ,” ಎಂದಿದ್ದರು. ಅವರು ಕಂಬದ ಬಳಿ ಬಂದರೆ ಸಾಕು, ಜೊತೆಯವರು ಕೂಗುತ್ತಿದ್ದರು: “ಅತ್ತೆ ಬಂದ್ರು ಕಣ್ಲಾ, ಚಾಪೆ ಹಾಕ್ರೋ!” ಅವರೂ ನಗುತ್ತಿದ್ದರು. ಮಾತು ನಿಲ್ಲಿಸುತ್ತಿರಲಿಲ್ಲ.

ನಿಲ್ಲಿಸಿದ್ದು ಹೊಸದಾಗಿ ಬಂದ ಅಧಿಕಾರಿ. “ಜನ ನಗ್ತಾರೆ ಕಣ್ರೀ. ಇನ್ನೊಂದ್ಸಲ ಈ ನಾಟಕ ಕಂಡ್ರೆ ಕಂಬ ಬಿಡಿಸಿ ಆಫೀಸಲ್ಲಿ ಫೈಲ್ ಹೊರೋಕೆ ಹಾಕ್ತೀನಿ,” ಎಂದರು. ಹದಿನೆಂಟು ವರ್ಷ ಕಂಬ ಹತ್ತಿದವರಿಗೆ ಅದು ಸಣ್ಣ ಶಿಕ್ಷೆಯಲ್ಲ. ಮೂರು ವಾರ ಅವರು ಬಾಯಿ ಬಿಡದೆ ಕೆಲಸ ಮಾಡಿದರು. ಇಳಿದ ಕಂಬವನ್ನೇ ಮತ್ತೆ ಹತ್ತಿ ಒಂದು ನಟ್ಟು ಮುಟ್ಟಿ ನೋಡಿ ಬರುತ್ತಿದ್ದುದನ್ನು ಎರಡು ಸಲ ಕಂಡಿದ್ದೇನೆ.

ಅಂದು ಆ ಅಧಿಕಾರಿಯೂ ಅಲ್ಲಿದ್ದರು. ಬ್ಯಾರನ್ನಿನ ರೈತ ಒಲೆಗೆ ಸೌದೆ ತುರುಕುತ್ತಿದ್ದವನು ಎದ್ದು ಬಂದು ನಿಂತಿದ್ದ. ಊರಿನ ಮನೆಗಳಿಗೆ ಹೋಗುವ ಫ್ಯೂಸನ್ನು ಹಿಂದಿನ ದಿನವೇ ತೆಗೆದಿದ್ದರಿಂದ ಲೈನಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ಹೇಳಲು ಒಂದು ಬಲ್ಬೂ ಇರಲಿಲ್ಲ. ಇದ್ದುದು ನನ್ನ ಚೀಟಿ ಮಾತ್ರ.

ಲೈನ್‌ಮನ್ ಚೀಟಿ ಓದಿ ಜೇಬಿಗಿಟ್ಟರು. ಕಂಬಕ್ಕೆ ಕೈ ಇಟ್ಟರು. ತೆಗೆದರು.

“ಏನ್ರೀ?” ಎಂದರು ಅಧಿಕಾರಿ.

“ಸಾ, ಮೆಮೊ ಕೊಡಿ, ಫೈಲೇ ಹೊರ್ಸಿ. ನಾನು ಮಾತಾಡ್ದೆ ಹತ್ತಾಕಿಲ್ಲ.”

ದನಿ ಏರಿರಲಿಲ್ಲ. ಉತ್ತರಕ್ಕೆ ಕಾಯದೆ ಕಂಬದ ಕಡೆ ತಿರುಗಿದರು.

“ಲೈನು ಸತ್ತೈತಾ ಅಳಿಯಂದ್ರೆ?”

“ಸತ್ತೈತೆ ಕಣತ್ತೆ. ಚೀಟಿ ಬಂದೈತೆ.”

“ಚೀಟಿ ನೋಡುದ್ರೋ, ಲೈನ್ ನೋಡುದ್ರೋ?”

ಅವರು ಜೇಬು ಮುಟ್ಟಿಕೊಂಡರು. “ಚೀಟಿ,” ಎಂದರು.

ಚೀಟಿ ಬಂದ ಮೇಲೂ, ಕರೆಂಟ್ ಉಳಿದಿದೆಯೇ ಎಂದು ತಿಳಿಯಲು, ನೆಲಕ್ಕೆ ಬಿಗಿದ ಸರಪಳಿಯನ್ನು ತಂತಿಗೆ ಸಿಗಿಸಿ ನೋಡಬೇಕೆಂಬುದು ನಿಯಮ. ನಮ್ಮಲ್ಲಿ ಯಾರೂ ಅದನ್ನು ಮಾಡುತ್ತಿರಲಿಲ್ಲ. ಚೀಟಿ ಬರೆದವನ ಮೇಲೆ ಅನುಮಾನಪಟ್ಟಂತೆ ಎಂಬ ಸಂಕೋಚ. ಅವರು ಜೀಪಿನಿಂದ ಸರಪಳಿ ತಂದರು. ಒಂದು ತುದಿಯನ್ನು ನೆಲದಲ್ಲಿ ಹೂತ ಕಬ್ಬಿಣಕ್ಕೆ ಬಿಗಿದರು. ನಮ್ಮನ್ನು ಹಿಂದಕ್ಕೆ ಕಳಿಸಿದರು. ಇನ್ನೊಂದು ತುದಿಯನ್ನು ಒಣಗಿದ ಉದ್ದನೆಯ ಬಿದಿರಿನ ಗಳೆಯಿಂದ ತಂತಿಗೆ ತಾಗಿಸಿದರು.

ನೀಲಿ ಬೆಳಕು. ಆಮೇಲೆ ಸದ್ದು. ಆಮೇಲೆ ಬೆಂಕಿ ಹತ್ತಿದ ಹುಲ್ಲಿನ ವಾಸನೆ.

ನಾನು ಬೇರೆ ಸ್ವಿಚ್ ಎಳೆದಿದ್ದೆ. ಆರು ವರ್ಷದಿಂದ ಆ ಊರಿನ ಸ್ವಿಚ್ಚು ಎಡದಿಂದ ಮೂರನೆಯದಾಗಿತ್ತು. ಆ ವಾರ ಎಡತುದಿಯಲ್ಲಿ ಹೊಸದೊಂದು ಕೂರಿಸಿದ್ದರು, ಈ ಊರಿನದು ನಾಲ್ಕನೆಯದಾಗಿತ್ತು. ಅದು ನನಗೆ ಗೊತ್ತಿತ್ತು. ನನ್ನ ಕೈಗೆ ಗೊತ್ತಿರಲಿಲ್ಲ.

ನಾನು ನೆಲದ ಮೇಲೆ ಕುಳಿತುಬಿಟ್ಟಿದ್ದೆ. ಲೈನ್‌ಮನ್ ಗಳೆ ಕೆಳಗಿಟ್ಟು ಹತ್ತಿರ ಬಂದರು. ಬೈಯುತ್ತಾರೆಂದು ಕಾದೆ.

“ಬುಡಿ ಸ್ವಾಮಿ,” ಎಂದರು. “ನಿಮ್ಗೂ ಮದ್ವೆ ಆಗೈತಲ್ಲ? ನಿಮ್ಮತ್ತೇನೂ ಕೆಲ್ಸಕ್ಕೆ ಕರ್ಕೊಂಡ್ ಬನ್ನಿ.”

ರೈತ ನಕ್ಕ. ಅಧಿಕಾರಿ ನಗಲಿಲ್ಲ. ಟೋಪಿ ತೆಗೆದು ತಲೆ ಒರೆಸಿಕೊಂಡು, “ನೀವು ಮಾತಾಡ್ಕೊಂಡೇ ಹತ್ತಿ,” ಎಂದರು. ಅವರ ಮಟ್ಟಿಗೆ ಅದೂ ದೊಡ್ಡ ಮಾತೇ.

ನಾನು ಹಿಂದಿರುಗಿ ಸರಿಯಾದ ಸ್ವಿಚ್ ಎಳೆದು ಎರಡನೆಯ ಚೀಟಿ ತಂದೆ. ಅವರು ಅದನ್ನು ಗೌರವದಿಂದ ಓದಿ, ಮತ್ತೆ ಸರಪಳಿ ಹಾಕಿದರು. ನನಗೆ ಅವಮಾನವಾಗಲಿಲ್ಲ. ಅತ್ತೆಯೊಡನೆ ಮಾತಾಡುತ್ತಲೇ ಹತ್ತಿದರು, ಮಾತಾಡುತ್ತಲೇ ಇಳಿದರು. ಮತ್ತೆ ಹತ್ತಿ ನೋಡಲಿಲ್ಲ.

ಮರುದಿನದಿಂದ ನಾನೂ ಪ್ರತಿ ಸ್ವಿಚ್ಚಿನ ಮುಂದೆ ಅದರ ಹೆಸರನ್ನು ಗಟ್ಟಿಯಾಗಿ ಓದತೊಡಗಿದೆ. ನನಗೆ ಅತ್ತೆಯ ದನಿ ಬರುವುದಿಲ್ಲ. ನನ್ನ ದನಿಯಲ್ಲೇ ಓದುತ್ತಿದ್ದೆ. ಹೊಸ ಹುಡುಗರು ನಗುತ್ತಿದ್ದರು.

ಅಂದು ಅಲ್ಲಿದ್ದವರು ನಾಲ್ವರು. ಅಧಿಕಾರಿ ತೀರಿಕೊಂಡು ವರ್ಷಗಳಾದವು. ರೈತ ಅದೇ ಊರಿನಲ್ಲಿದ್ದಾನೆ. ಕೇಳಿದರೆ ಹುಲ್ಲು ಸುಟ್ಟ ಜಾಗ ತೋರಿಸುತ್ತಾನೆ. ನಾನಿದ್ದೇನೆ. ಲೈನ್‌ಮನ್ ನಿವೃತ್ತರಾಗಿ ಕೆ.ಆರ್. ನಗರದ ಮಗಳ ಮನೆಯಲ್ಲಿದ್ದಾರೆ. ಬದುಕಿದ್ದಾರೆ.