ಹುಣಸೆಹಣ್ಣಿನಲ್ಲಿ ತೊಳೆದ ಐದು ರೂಪಾಯಿ

ನಾಣ್ಯವನ್ನು ದೋಸೆ ಮಗುಚಿದ ಹಾಗೆ ಮಗುಚಬಾರದು, ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ತಿರುಗಿಸಬೇಕು. ಇಷ್ಟು ಗೊತ್ತಿಲ್ಲದೆ ನನ್ನ ಸೋದರಮಾವ ಒಂದು ಬೇಸಿಗೆಯಲ್ಲಿ ದೇಶದ ಟಂಕಸಾಲೆಗಳನ್ನೆಲ್ಲ ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿದ್ದರು.

ಬೇಸಿಗೆ ಎಂದು ಬರೆದೆ, ಮಳೆಗಾಲವೂ ಇರಬಹುದು. ನನ್ನ ನೆನಪಿನಲ್ಲಿ ಮಾವ ಬನಿಯನ್ನಿನಲ್ಲಿ ಕೂತಿದ್ದಾರೆ, ಅದಕ್ಕೇ ಬೇಸಿಗೆ ಎಂದುಕೊಂಡೆ. ಆದರೆ ನಿವೃತ್ತಿಯಾದ ಮೇಲೆ ಅವರು ಎಲ್ಲ ಕಾಲದಲ್ಲೂ ಬನಿಯನ್ನಿನಲ್ಲೇ ಇರುತ್ತಾರೆ.

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಅವರದು ಇನ್‌ಸ್ಪೆಕ್ಷನ್ ಕೆಲಸ. ಬೇರೆಯವರು ಮಾಡಿದ್ದನ್ನು ನೋಡಿ ಸರಿಯಿಲ್ಲ ಎಂದು ಹೇಳುವುದಕ್ಕೆ ಸಂಬಳ. ನಿವೃತ್ತಿಯ ನಂತರವೂ ಅದನ್ನೇ ಸಂಬಳವಿಲ್ಲದೆ ಮುಂದುವರಿಸಿದ್ದರು: ಸಾರು, ಇಸ್ತ್ರಿ, ಬೀದಿಯ ಹೊಸ ಚರಂಡಿ. ಹೀಗಿರುವಾಗ ಫೋನಿನಲ್ಲಿ ಒಂದು ವಿಡಿಯೊ ಬಂತು. ತಪ್ಪಾಗಿ ಅಚ್ಚಾದ ನಾಣ್ಯಗಳನ್ನು ಜನ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ ಎಂದು ಅದರಲ್ಲಿ ಒಬ್ಬ ಕೂಗಿ ಹೇಳುತ್ತಿದ್ದ. ರಿಜೆಕ್ಟ್ ಆದ ಮಾಲಿಗೆ ಹೆಚ್ಚು ಬೆಲೆ. ಮಾವನ ಮಟ್ಟಿಗೆ ಇದು ಧರ್ಮವೇ ತಲೆಕೆಳಗಾದ ಸುದ್ದಿ.

ಇತಿಹಾಸದಲ್ಲಿ ಎಂ.ಎ. ಮಾಡಿದವಳೆಂದು ಶಿವಮೊಗ್ಗದಿಂದ ನನ್ನನ್ನು ಕರೆಸಿದರು. ನಾಣ್ಯಶಾಸ್ತ್ರದಲ್ಲಿ ನನ್ನ ಪಾಂಡಿತ್ಯವೆಂದರೆ ಪರೀಕ್ಷೆಯಲ್ಲಿ ಗದ್ಯಾಣದ ಬಗ್ಗೆ ಬರೆದ ಒಂದು ಟಿಪ್ಪಣಿ. ಮಾವ ಬಿಸ್ಕೆಟ್ ಡಬ್ಬಿಯ ಚಿಲ್ಲರೆಯನ್ನು ಮಂಚದ ಮೇಲೆ ಸುರಿದರು.

"ನೋಡು ಮಾರಾಯ್ತಿ. ಸಿಂಹದ ಮುಖ ನೆಟ್ಟಗಿಟ್ಕೊ. ಈಗ ತಿರುಗಿಸು. ಹಿಂದಿನ ಅಂಕಿ ತಲೆಕೆಳಗೆ. ರೊಟೇಷನ್ ಎರರ್."

"ಇದೂನಾ ಮಾವ?"

"ಎಲ್ಲಾನೂ. ಒಂದೂ ಪಾಸಾಗಿಲ್ಲ."

ನಾನೂ ಮಗುಚಿ ನೋಡಿದೆ. ತಲೆಕೆಳಗೇ ಇತ್ತು. ತಲೆಯಾಡಿಸಿದೆ. ಆಮೇಲೆ ನನ್ನ ಪರ್ಸಿನ ನಾಣ್ಯಗಳನ್ನು ತೆಗೆದೆ, ಅವೂ ತಲೆಕೆಳಗು. ಬಸ್ಸಿನ ಕಂಡಕ್ಟರ್ ಕೊಟ್ಟ ಚಿಲ್ಲರೆಯೂ ತಲೆಕೆಳಗು. ಇಷ್ಟೊಂದು ಐಶ್ವರ್ಯ ಭದ್ರಾವತಿ ಬಸ್ಸಿನಲ್ಲಿ ಓಡಾಡುತ್ತಿರಲಾರದು ಎನ್ನಿಸಿ ವಿಡಿಯೊವನ್ನು ಮತ್ತೆ ಹಾಕಿಸಿದೆ. ಅದರಲ್ಲಿ ಆತ ಬಾಗಿಲಿನಂತೆ ಪಕ್ಕಕ್ಕೆ ತಿರುಗಿಸುತ್ತಿದ್ದ. ನಾವಿಬ್ಬರೂ ಕೆಳಗಿನಿಂದ ಮೇಲಕ್ಕೆ ದೋಸೆ ಮಗುಚುತ್ತಿದ್ದೆವು. ಹಾಗೆ ಮಗುಚಿದರೆ ಸರಿಯಾದ ನಾಣ್ಯವೂ ತಲೆಕೆಳಗೇ ಕಾಣುತ್ತದೆ.

ಮಾವ ನ್ಯಾಯವಂತರು. ಮತ್ತೆ ಮೊದಲಿನಿಂದ ಒಂದೊಂದೇ ನೋಡಿ ಎಲ್ಲವನ್ನೂ ಪಾಸು ಮಾಡಿದರು. ಅಂಥ ದುಃಖದ ಪಾಸನ್ನು ನಾನು ಬೇರೆಲ್ಲೂ ನೋಡಿಲ್ಲ. ಟೀ ಅಂಗಡಿಯ ಗೆಳೆಯರಿಗೆಲ್ಲ ತಮ್ಮ ಮನೆಯಲ್ಲಿ ಎರರ್ ಕಾಯಿನ್ ಇದೆ ಎಂದು ಆಗಲೇ ಹೇಳಿಯಾಗಿತ್ತು.

ಆಮೇಲೆ ಅವರ ಕಣ್ಣು ದೇವರ ಮನೆಯ ಕಡೆ ಹೋಯಿತು.

ಅಲ್ಲಿ ಬೆಳ್ಳಿ ತಟ್ಟೆಯಲ್ಲಿ ಒಂದು ಹಳದಿ ಐದು ರೂಪಾಯಿ ಇತ್ತು. ಅತ್ತೆಯ ತಾಯಿ ಕೊನೆಯ ಸಲ ಮಗಳಿಗೆ ಮಡಿಲಕ್ಕಿ ತುಂಬಿದಾಗ ಅಕ್ಕಿ, ಕಾಯಿಯ ಜೊತೆ ಇಟ್ಟ ನಾಣ್ಯ. ಆ ವರ್ಷವೇ ಅವರು ತೀರಿಕೊಂಡರು. ಆ ಅಜ್ಜಿ ಅದನ್ನು ಎಲೆ ಅಡಿಕೆ ಅಂಗಡಿಯ ಚಿಲ್ಲರೆಯಿಂದಲೇ ಎತ್ತಿರಬೇಕು. ಆದರೂ ಅತ್ತೆಗೆ ಅದು ಲಕ್ಷ್ಮಿಯೂ ಹೌದು, ಅಮ್ಮನೂ ಹೌದು. ಪ್ರತಿ ಶುಕ್ರವಾರ ದೀಪಗಳ ಜೊತೆ ಅದಕ್ಕೂ ಹುಣಸೆಹಣ್ಣಿನ ಸ್ನಾನ.

ಮಾವ ಅದನ್ನು ಬಾಗಿಲಿನಂತೆ ತಿರುಗಿಸಿದರು. ಸಿಂಹ ನೆಟ್ಟಗಿತ್ತು. ಹಿಂದಿನ ಅಂಕಿ ಮಧ್ಯಾಹ್ನದ ಊಟ ಮುಗಿಸಿದವರ ಹಾಗೆ ಮಗ್ಗುಲಾಗಿ ಮಲಗಿತ್ತು.

"ಸಿಕ್ತು," ಅಂದರು ಮಾವ, ಬಹಳ ಮೆಲ್ಲಗೆ.

ಅಡುಗೆಮನೆಯಿಂದ ಅತ್ತೆ ಬಂದರು. "ಅದನ್ನ ಮುಟ್ಟಬೇಡಿ. ಮಾರಕ್ಕೆ ನಿಮ್ಮಮ್ಮ ಕೊಟ್ಟಿದ್ದು ಏನಾದ್ರೂ ಇದ್ರೆ ಮಾರ್ಕೊಳ್ಳಿ."

"ನಮ್ಮಮ್ಮ ಕೊಟ್ಟಿದ್ದು ಶುಗರ್ ಕಾಯಿಲೆ, ಯಾರು ತಗೋತಾರೆ? ಬರೀ ತೋರಿಸ್ಕೊಂಡು ಬರ್ತೀನಿ ಕಣೇ."

ಕೊನೆಗೆ ಒಪ್ಪಂದವಾಯಿತು. ನಾಣ್ಯ ಶಿವಮೊಗ್ಗಕ್ಕೆ ಹೋಗಬಹುದು, ಆದರೆ ಕಾವಲಿಗೆ ನಾನು. "ಹೋದ ಹಾಗೇ ವಾಪಸ್ ಬರಬೇಕು," ಅಂದರು ಅತ್ತೆ, ಮಾವನನ್ನು ಬಿಟ್ಟು ನನ್ನನ್ನು ನೋಡುತ್ತ. ಮಾವ ಪಡಸಾಲೆಯಿಂದ ಒಂದು ಎಚ್ಚರಿಕೆ ಕೂಗಿದರು: "ಅದನ್ನ ತೊಳಿಬೇಡ, ವಿಡಿಯೊದಲ್ಲಿ ಹೇಳಿದಾನೆ." ಟಿವಿ ಜೋರಾಗಿತ್ತು. ಅತ್ತೆಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯದು. ಕೇಳಿಸಿತು ಎಂದು ಈಗ ಅನ್ನಿಸುತ್ತದೆ. ಆದರೆ ಮುಂದೆ ಆದದ್ದು ಗೊತ್ತಿರುವುದರಿಂದ ಹಾಗೆ ಅನ್ನಿಸುತ್ತಿರಬಹುದು. ಮರುದಿನ ಅವರು ನಾಣ್ಯ ಕೈಗಿಟ್ಟಾಗ ಅದು ಮದುವೆ ಹೆಣ್ಣಿನಂತೆ ಹೊಳೆಯುತ್ತಿತ್ತು. "ದೇವರ ಸಾಮಾನು. ಕೊಳೆಯಾಗಿ ಕಳಿಸಕ್ಕಾಗುತ್ತಾ," ಅಂದರು.

ಗಾಂಧಿ ಬಜಾರಿನ ಓಣಿಯೊಂದರಲ್ಲಿ ಹಳೆಯ ನೋಟು, ನಾಣ್ಯ ಮಾರುವ ಪುಟ್ಟ ಅಂಗಡಿ. ಅಂಗಡಿಯವನು ಮಾತಿನಮಲ್ಲ, ಮುಂದಿಟ್ಟ ವಸ್ತುವಿಗಿಂತ ಮೊದಲು ಇಟ್ಟವರನ್ನು ಅಳೆಯುವವನು. ಭೂತಗನ್ನಡಿಯಲ್ಲಿ ನೋಡಿದ, ಬಾಗಿಲಿನಂತೆ ತಿರುಗಿಸಿದ, ಮತ್ತೆ ತಿರುಗಿಸಿದ.

"ಅಸಲಿ ಎರರ್ ಸರ್. ಹೊಡೆಯೋವಾಗ ಅಚ್ಚು ತಿರುಗಿದೆ."

ಮಾವ ನನ್ನ ಕಡೆ ನೋಡಿದ ನೋಟವನ್ನು ಮಾತ್ರ ನಾನು ಸರಿಯಾಗಿ ನೆನಪಿಟ್ಟಿದ್ದೇನೆ ಎಂದು ಆಣೆ ಮಾಡಬಲ್ಲೆ.

"ಆದ್ರೆ ಇದಕ್ಕೆ ಸ್ನಾನ ಮಾಡ್ಸಿದ್ದು ಯಾರು?"

"ನಮ್ಮನೆಯವ್ರು. ಶುಕ್ರವಾರ ಶುಕ್ರವಾರ."

"ಹುಣಸೆಹಣ್ಣಾ?"

"ಹುಣಸೆಹಣ್ಣು."

ಅಂಗಡಿಯವನು ತೀರಿಹೋದವರ ಮುಂದೆ ನಿಂತ ಹಾಗೆ ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟ. "ಮೇಲಿನ ಚರ್ಮಾನೇ ಹೋಗಿದೆ ಸರ್. ನೋಡಿ, ಎಲ್ಲಾ ಕಡೆ ಉಜ್ಜಿದ ಗೆರೆ. ಈ ನಾಣ್ಯ ಕೂಡಿಡೋ ಶೋಕಿಯವರು ಮೂಲ ಬಣ್ಣ ಕೇಳ್ತಾರೆ. ತೊಳೆದಿದ್ದನ್ನ ಮುಟ್ಟಲ್ಲ. ನೀವು ಇಷ್ಟು ದೂರ ಬಂದಿದೀರಿ ಅಂತ ಐವತ್ತು ಕೊಡ್ತೀನಿ, ಬಿಟ್ಟುಹೋಗಿ."

ಮಾವ ಯೋಚಿಸಿದರು. ಅವರಿಗೆ ಐವತ್ತು ಬೇಕಿರಲಿಲ್ಲ. ಟೀ ಅಂಗಡಿಯಲ್ಲಿ 'ಮಾರಿದೆ' ಎಂದು ಹೇಳುವ ಒಂದು ಮಾತು ಬೇಕಿತ್ತು. ನಾಣ್ಯ ಗಾಜಿನ ಮೇಜಿನ ಮೇಲೆ ಇಬ್ಬರ ನಡುವೆ ಇತ್ತು. ಕಾವಲಿಗೆ ಬಂದ ನಾನು ಏನಾದರೂ ಹೇಳಬೇಕಿತ್ತು, ಕೆಮ್ಮಿದೆ. ಮಾವ ಅದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಐವತ್ತಕ್ಕೆಲ್ಲ ನಮ್ಮತ್ತೇನ ಮಾರಕ್ಕಾಗಲ್ಲ ಕಣ್ರೀ."

ಹೊರಗೆ ಬಂದ ಮೇಲೆ, "ಐದು ಸಾವಿರ ಅಂದಿದ್ರೆ ಯೋಚನೆ ಮಾಡಬಹುದಿತ್ತು," ಎಂದೂ ಸೇರಿಸಿದರು. ಈ ಎರಡನೆಯ ಮಾತನ್ನು ಅವರು ಈಗ ಒಪ್ಪುವುದಿಲ್ಲ. ನಾನೇ ಸೇರಿಸಿದ್ದೆನೋ ಎಂದು ಕೆಲವು ಸಲ ಅನುಮಾನವಾಗುತ್ತದೆ. ಆದರೆ ಅವರನ್ನು ಬಲ್ಲೆ, ಅಂದೇ ಇರುತ್ತಾರೆ.

ಭದ್ರಾವತಿಯಲ್ಲಿ ಅತ್ತೆ ಬಾಗಿಲಲ್ಲೇ ಕೈ ಚಾಚಿದರು.

"ಏನಂದ?"

"ಎರರ್ ಹೌದಂತೆ. ನೀನು ಉಜ್ಜಿ ಉಜ್ಜಿ ಹಾಳು ಮಾಡಿದೀಯಂತೆ. ಇನ್ನು ಯಾರೂ ತಗೊಳಲ್ವಂತೆ."

"ಯಾರೂನಾ?"

"ಯಾರೂ."

"ಪಾಪ," ಅಂದರು ಅತ್ತೆ. ನಾಣ್ಯ ತೆಗೆದುಕೊಂಡು, ಬಜಾರಿನವರೆಲ್ಲ ಮುಟ್ಟಿದ್ದೆಂದು, ನೇರ ಹುಣಸೆಹಣ್ಣಿನ ಬಟ್ಟಲಿಗೆ ಹಾಕಿದರು. ಅವರ ಹೆಬ್ಬೆರಳು ಸಿಂಹದ ಮೇಲೆ, ಆಮೇಲೆ ಮಗ್ಗುಲಾದ ಅಂಕಿಯ ಮೇಲೆ ಅವಸರವಿಲ್ಲದೆ ಓಡಾಡಿತು. ಒರೆಸಿ, ಕುಂಕುಮವಿಟ್ಟು, ತಟ್ಟೆಯಲ್ಲಿ ಕೂರಿಸಿ ಬಂದರು.

ಅಷ್ಟು ಹೊತ್ತಿಗೆ ಮಾವ ಹೊಸದಾಗಿ ಯಾರಿಂದಲೋ ಇಸಕೊಂಡ ಚಿಲ್ಲರೆಯನ್ನು ಮಂಚದ ಮೇಲೆ ಹರಡಿಕೊಂಡಿದ್ದರು. ಅತ್ತೆ ಬಟ್ಟಲಿನೊಂದಿಗೆ ಅಲ್ಲೇ ನಿಂತರು.

"ರೀ, ಹುಣಸೆಹಣ್ಣು ಉಳಿದಿದೆ. ಇವನ್ನೂ ಒಂದ್ಸಲ ಉಜ್ಜಿಬಿಡ್ಲಾ?"

ಮಾವ ಎರಡೂ ಕೈಯಿಂದ ನಾಣ್ಯಗಳನ್ನು ಬಾಚಿ ಬನಿಯನ್ನಿನ ಮಡಿಲಿಗೆ ಎಳೆದುಕೊಂಡರು.